ಅನಿಮೆ ಹುಚ್ಚಿನ ಮಗಳು ಹೈಟೆಕ್ಸ್‌ಗೆ ಹೊರಟಾಗ



ಕಳೆದ ವಾರ ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಕಾಚಿಗುಡದಿಂದ ಒಬ್ಬ ಕೇಳುಗರ ಫೋನ್. ಹಾಡು ಕೇಳುವುದಕ್ಕಲ್ಲ, ದೂರು ಹೇಳುವುದಕ್ಕೆ. ಇಂಟರ್ ಓದುತ್ತಿರುವ ಮಗಳು ರಾತ್ರಿಯೆಲ್ಲ ಜಪಾನಿನ ಕಾರ್ಟೂನ್ ನೋಡುತ್ತಾಳಂತೆ. ನೋಡಿದ್ದರ ವಿಮರ್ಶೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳಂತೆ. ಈಗ ಬೆಳ್ಳಿ ಬಣ್ಣದ ವಿಗ್ ಬೇಕು, ಹೈಟೆಕ್ಸ್‌ನ ಕಾಮಿಕ್ ಕಾನ್‌ಗೆ ಹೋಗಬೇಕು, ಮುಂದೊಂದು ದಿನ ಅಂಥ ಕಡೆ ವೇದಿಕೆ ಹತ್ತಿ ಮಾತಾಡಬೇಕು ಅಂತ ಹಟ. "ಇದು ರೋಗಾನೋ ಹವ್ಯಾಸಾನೋ, ನೀವೇ ಹೇಳಿ" ಅಂದರು. ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ವಿಷಯವಲ್ಲ. ಹಾಗಾಗಿ ಈ ಸಲದ ಪುಟ ಅವರಿಗೆ, ಮತ್ತು ಅಂಥ ಮಕ್ಕಳಿರುವ ನಿಮಗೆಲ್ಲ.

ಮೊದಲು ಪದ ನೋಡೋಣ. ಇಂಗ್ಲಿಷಿನ ಅನಿಮೇಷನ್ ಅನ್ನುವ ಪದವನ್ನು ಜಪಾನಿಗಳು ಕತ್ತರಿಸಿ 'ಅನಿಮೆ' ಮಾಡಿಕೊಂಡರು. ನಾವು ಬಸ್‌ಸ್ಟ್ಯಾಂಡನ್ನು ಸ್ಟ್ಯಾಂಡ್ ಅಂದ ಹಾಗೆ. ಇವತ್ತಿನ ಟಿವಿ ಅನಿಮೆಗೆ ದಾರಿ ಹಾಕಿದ್ದು ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್'. ಜಪಾನಿನ ಟಿವಿಯಲ್ಲಿ ಅದು ಶುರುವಾದದ್ದು 1963ರ ಜನವರಿ 1ರಂದು. ವಾರಕ್ಕೊಂದು ಕಂತು ಕೊಡಬೇಕು, ಕೈಯಲ್ಲಿ ದುಡ್ಡಿಲ್ಲ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯುವುದು ಎಲ್ಲಿಂದ ಬರಬೇಕು? ಒಂದೇ ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟಿಗೆ ಹಿಡಿದಿಟ್ಟರು. ಆಗ ಸೆಕೆಂಡಿಗೆ 12 ಅಥವಾ 8 ಚಿತ್ರ ಸಾಕು. ಮುಖ ಅಲ್ಲಾಡುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಮನುಷ್ಯ ನಿಂತಿರುತ್ತಾನೆ, ಹಿಂದೆ ಮೋಡ ಸಾಗುತ್ತದೆ. ಬಡತನದ ಉಪಾಯವೇ ಬರಬರುತ್ತ ಶೈಲಿಯಾಯಿತು. ನಿಮ್ಮ ಮಗಳು ಟಿವಿ ಮುಂದೆ "ಈ ದೃಶ್ಯದಲ್ಲಿ ಅನಿಮೇಷನ್ ಏನ್ ಚೆನ್ನಾಗಿದೆ" ಅಂತ ಕೂಗಿದರೆ, ಉಳಿಸಿದ ದುಡ್ಡು ಮತ್ತು ಶ್ರಮವನ್ನು ಆ ದೃಶ್ಯಕ್ಕೆ ಸುರಿದಿದ್ದಾರೆ ಅನ್ನುವುದು ಅವಳಿಗೆ ಗೊತ್ತಾಗಿದೆ ಅಂತ ಅರ್ಥ.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ. ಬಣ್ಣದ ಚಿತ್ರ ಅಂದಮಾತ್ರಕ್ಕೆ ಅದು ಮಕ್ಕಳದ್ದಲ್ಲ. ಜಪಾನಿನಲ್ಲಿ ಕಾಮಿಕ್ ಪತ್ರಿಕೆಗಳನ್ನೇ ಓದುಗರ ವಯಸ್ಸಿನ ಮೇಲೆ ವಿಂಗಡಿಸುತ್ತಾರೆ. 'ಶೋನೆನ್' ಅಂದರೆ ಹುಡುಗರಿಗೆ, 'ಶೋಜೊ' ಹುಡುಗಿಯರಿಗೆ, 'ಸೇನೆನ್' ದೊಡ್ಡವರಿಗೆ. ಎಂಟು ವರ್ಷದ ಮಗು ಸೇನೆನ್ ನೋಡುತ್ತಿದ್ದರೆ ತಡೆಯಿರಿ. ಇಂಟರ್ ಓದುವವಳು ಶೋನೆನ್ ನೋಡುತ್ತಿದ್ದರೆ ಪಕ್ಕದಲ್ಲಿ ಕೂತು ಒಂದು ಕಂತು ನೀವೂ ನೋಡಿ. ನಿದ್ದೆ ಕೆಡಿಸಿಕೊಳ್ಳುವುದು ಬೇರೆ ಮಾತು, ಅದರಲ್ಲಿ ನಾನು ನಿಮ್ಮ ಕಡೆಗೇ.

ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 'ಡ್ರ್ಯಾಗನ್ ಬಾಲ್ ಝೀ' ನೋಡಿ ಬೆಳೆದವರು ಈಗ ಮೂವತ್ತು ದಾಟಿದ್ದಾರೆ (ನಾನೂ ಅದೇ ಬೆಂಚಿನವನು). 2004ರ ಜುಲೈಯಲ್ಲಿ ಅನಿಮೆಗೆಂದೇ 'ಅನಿಮ್ಯಾಕ್ಸ್' ಚಾನೆಲ್ ಭಾರತಕ್ಕೆ ಬಂತು, 2017ರಲ್ಲಿ ನಿಂತಿತು. ನಡುವೆ ಅಭಿಮಾನಿಗಳೇ ಇಂಗ್ಲಿಷ್ ಅಡಿಬರಹ ಹಾಕಿದ ಸಿಡಿಗಳು ಹಾಸ್ಟೆಲಿನಿಂದ ಹಾಸ್ಟೆಲಿಗೆ ಓಡಾಡುತ್ತಿದ್ದವು. ಕಾನೂನಿನ ಲೆಕ್ಕದಲ್ಲಿ ಅದು ತಪ್ಪೇ, ಬೇರೆ ಬಾಗಿಲು ಮುಚ್ಚಿತ್ತು ಅನ್ನುವುದೂ ನಿಜ. 2019ರಲ್ಲಿ ಮಕೊತೊ ಶಿಂಕಾಯ್ ಅವರ 'ವೆದರಿಂಗ್ ವಿತ್ ಯೂ' ಸಿನಿಮಾ ನಮ್ಮಲ್ಲೂ ಬಿಡುಗಡೆಯಾಗಲಿ ಅಂತ 50 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ಅಕ್ಟೋಬರಿನಲ್ಲಿ ಸಿನಿಮಾ ಥಿಯೇಟರಿಗೆ ಬಂತು. ಕೇಳಿದರೆ ಸಿಗುತ್ತದೆ ಅಂತ ಅಭಿಮಾನಿಗಳಿಗೆ ಗೊತ್ತಾದದ್ದು ಅವತ್ತು.

ಕಾಮಿಕ್ ಕಾನ್ ಭಾರತದಲ್ಲಿ ಮೊದಲು ನಡೆದದ್ದು ದಿಲ್ಲಿಯಲ್ಲಿ, 2011ರ ಫೆಬ್ರವರಿಯಲ್ಲಿ. ಅಲ್ಲಿ ಜೀವಮಾನದ ಸಾಧನೆಯ ಪ್ರಶಸ್ತಿ ಸಂದದ್ದು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರಿಗೆ, 'ಅಮರ ಚಿತ್ರ ಕಥೆ'ಯ ಅಂಕಲ್ ಪೈ. ಅದಾಗಿ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಅವರು ತೀರಿಕೊಂಡರು. 2013ರಲ್ಲಿ ಈ ಮೇಳ ಹೈದರಾಬಾದಿಗೂ ಬಂತು. ಅಂಗಡಿಗಳಿರುತ್ತವೆ, ಚಿತ್ರಗಾರರು ಕೂತಿರುತ್ತಾರೆ, ವೇದಿಕೆಯಲ್ಲಿ ಮಾತುಕತೆ, ಮತ್ತು ವೇಷಧಾರಿಗಳು. ಆ ವೇಷಕ್ಕೆ 'ಕಾಸ್‌ಪ್ಲೇ' ಅನ್ನುತ್ತಾರೆ. ಪದ ಹುಟ್ಟಿದ್ದು 1983ರಲ್ಲಿ ಜಪಾನಿನ ಒಂದು ಪತ್ರಿಕೆಯಲ್ಲಿ. ಕಿರೀಟ ಕಟ್ಟುವುದಕ್ಕೆ ಗಂಟೆಗಟ್ಟಲೆ ಚೌಕಿಯಲ್ಲಿ ಕೂರುವ ಯಕ್ಷಗಾನದವರನ್ನು ಕಂಡ ನಮಗೆ ಬೆಳ್ಳಿ ವಿಗ್ ಏನು ಮಹಾ! ಒಂದು ಎಚ್ಚರಿಕೆ ಮಾತ್ರ: ವೇಷ ಹಾಕಿದ ಹುಡುಗಿಯ ಫೋಟೋವನ್ನು ಕೇಳದೆ ತೆಗೆಯುವಂತಿಲ್ಲ, ಮೈ ಮುಟ್ಟುವಂತಿಲ್ಲ. ಇದನ್ನು ಮಗಳಿಗೂ ಹೇಳಿ, ನಿಮ್ಮ ಮಗನಿಗೂ ಹೇಳಿ.

ವೇದಿಕೆಯ ಮಾತು ಅಂದರೆ ಏನು? ವೇಷಕ್ಕೆ ಯಕ್ಷಗಾನವಾದರೆ, ಮಾತಿಗೆ ತಾಳಮದ್ದಳೆ. ಬಣ್ಣವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವನ್ನು ಮಾತಿನಲ್ಲಿ ಕಟ್ಟುವುದು. ಕರ್ಣ ಮಾಡಿದ್ದು ಸರಿಯೇ ಅಂತ ಅರ್ಥಧಾರಿಗಳು ರಾತ್ರಿಯಿಡೀ ಜಗಳವಾಡಿದರೆ, ಇವರು ಎದುರಾಳಿಯನ್ನು ನಾಯಕ ಕ್ಷಮಿಸಿದ್ದು ಸರಿಯೇ ಅಂತ ಮುಕ್ಕಾಲು ಗಂಟೆ ವಾದಿಸುತ್ತಾರೆ. ಅದಕ್ಕೆ ತಯಾರಿ ಬೇಕು. ಕತೆಯ ತಿರುವನ್ನು ಬಿಟ್ಟುಕೊಡದೆ ಕತೆಯ ಬಗ್ಗೆ ಮಾತಾಡುವುದು ಕಷ್ಟದ ವಿದ್ಯೆ. ಮೈಕಿನ ಮುಂದೆ ಸಿನಿಮಾ ಪರಿಚಯ ಮಾಡುವ ನಮಗೆ ಅದು ಚೆನ್ನಾಗಿ ಗೊತ್ತು. ಜಪಾನಿನಲ್ಲಿ ಹೊಸ ಸರಣಿಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ಶುರುವಾಗುತ್ತವೆ, ಸಾಮಾನ್ಯವಾಗಿ 12-13 ಕಂತು. ಮೂರು ಕಂತು ನೋಡದೆ ತೀರ್ಪು ಕೊಡಬೇಡ ಅನ್ನುವುದು ಅಭಿಮಾನಿಗಳ ನಡುವಿನ ಒಪ್ಪಂದ.

ವೇದಿಕೆ ಹತ್ತಲು ಜಪಾನಿಯೇ ಆಗಬೇಕಿಲ್ಲ. 2024ರ ಮಾರ್ಚ್ 2ರಂದು ಟೋಕಿಯೋದಲ್ಲಿ ನಡೆದ ಅನಿಮೆ ಪ್ರಶಸ್ತಿ ಸಮಾರಂಭದಲ್ಲಿ ಪ್ರಶಸ್ತಿ ಕೊಡಲು ನಿಂತವರಲ್ಲಿ ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಕೂಡ ಇದ್ದರು.

ಆದರೆ ಆ ಹುಡುಗಿ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡು ಕೇಳಿದ ಪ್ರಶ್ನೆ ಬೇರೆಯೇ ಇತ್ತು. "ನಾನು ನೋಡೋದು ತೆಲುಗು ಡಬ್ಬಿಂಗ್, ಬರೆಯೋದು ಇಂಗ್ಲಿಷ್. ಕನ್ನಡದಲ್ಲಿ ಇದನ್ನ ಮಾತಾಡೋಕಾಗುತ್ತಾ?" ನನಗೆ ಚುರುಕ್ ಅಂದಿತು. 1993ರಲ್ಲಿ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ಜಗತ್ತಿಗೆ ತೋರಿಸಿದ ಜಪಾನಿ ಶೈಲಿಯ ರಾಮಾಯಣ 2025ರ ಜನವರಿ 24ರಂದು ಮತ್ತೆ ಥಿಯೇಟರಿಗೆ ಬಂತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಬಂದಾಗಲೂ ಜಪಾನಿಯ ಜೊತೆಗೆ ಇದ್ದದ್ದು ಅವೇ ನಾಲ್ಕು. ಎರಡು ಸಲವೂ ಕನ್ನಡ ಇರಲಿಲ್ಲ. ಕಾರಣ ಹಳೆಯದು. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಬರೆಯದ ನಿಷೇಧವಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸರಿಯಲ್ಲ ಅಂತ ಆದೇಶ ಕೊಟ್ಟ ಮೇಲೆಯೇ ಬಾಗಿಲು ನಿಧಾನಕ್ಕೆ ತೆರೆದದ್ದು. ನಮ್ಮ ಚಿತ್ರರಂಗವನ್ನು ಉಳಿಸಿಕೊಳ್ಳುವ ಕಾಳಜಿ ಅದರ ಹಿಂದೆ ಇತ್ತು, ಒಪ್ಪುತ್ತೇನೆ. ಮಕ್ಕಳು ಅಷ್ಟರಲ್ಲಿ ಬೇರೆ ಭಾಷೆಯಲ್ಲಿ ನಗಲು ಕಲಿತರು.

ಇದರಲ್ಲಿ ನಷ್ಟ ಏನು ಅಂದರೆ, ಜಪಾನಿ ಭಾಷೆ ಇಂಗ್ಲಿಷಿಗಿಂತ ಕನ್ನಡದ ಬಾಯಿಗೆ ಹತ್ತಿರ. ಎರಡರಲ್ಲೂ ಕ್ರಿಯಾಪದ ಕೊನೆಗೆ. "ನಾನು ನಿನ್ನನ್ನು..." ಅಂತ ನಾಯಕ ತಡೆದರೆ, ಕೊಲ್ಲುತ್ತಾನೋ ಕ್ಷಮಿಸುತ್ತಾನೋ ಕೊನೆಯ ಪದದವರೆಗೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಅಡಿಬರಹ ಕ್ರಿಯಾಪದವನ್ನು ಮೊದಲೇ ಹೇಳಿ ಆ ಕುತೂಹಲವನ್ನು ಕೊಂದುಬಿಡುತ್ತದೆ. ಶಿಂಕಾಯ್ ಅವರ 2016ರ ಸಿನಿಮಾದ ಹೆಸರು 'ಕಿಮಿ ನೊ ನಾ ವಾ'. 'ಕಿಮಿ ನೊ' ಅಂದರೆ ನಿನ್ನ, 'ನಾ' ಅಂದರೆ ಹೆಸರು. 'ಕಿಮಿ' ಸಲುಗೆಯ ಮಾತು, 'ನೀವು' ಅಲ್ಲ, 'ನೀನು'. ಇಂಗ್ಲಿಷಿನ 'ಯು' ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುತ್ತದೆ. ವಾಕ್ಯದ ಕೊನೆಗೆ ಅವರು ಸೇರಿಸುವ 'ನೇ' ನಮ್ಮ 'ಅಲ್ವಾ'. ಅಷ್ಟೇ ಏಕೆ, 'ಅನಿಮೆ'ಯ ಕೊನೆಯ ಸ್ವರ ಹ್ರಸ್ವ, 'ಶೋನೆನ್'ನ ಮೊದಲ ಸ್ವರ ದೀರ್ಘ. ಎ-ಏ, ಒ-ಓ ಎರಡೂ ಇರುವ ನಮ್ಮ ಲಿಪಿಯಲ್ಲಿ ಇದನ್ನು ಇದ್ದ ಹಾಗೆ ಬರೆಯಬಹುದು. ಹೆಸರುಗಳ ಉಚ್ಚಾರಣೆಯಲ್ಲಿ ತಪ್ಪಿದರೆ ಕೇಳುಗರಿಂದ ಬೈಸಿಕೊಳ್ಳುವ ಉದ್ಯೋಗ ನನ್ನದು, ಹಾಗಾಗಿ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಇಷ್ಟನ್ನೂ ಅವಳಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದ್ರೆ ಸೆನ್ಸೇ ಅನ್ನೋದನ್ನ ಮೇಷ್ಟ್ರು ಅನ್ನಬಹುದಾ?" ಅಂದಳು. ಅನ್ನಬಹುದು ಅಂದೆ. ಖುಷಿಯಾಯಿತು ಅಂತ ಕಾಣುತ್ತೆ, ಹತ್ತು ನಿಮಿಷ ಫೋನ್ ಇಡಲಿಲ್ಲ.

ಮುಂದಿನ ತಿಂಗಳು ಮಗಳನ್ನು ಸ್ಟುಡಿಯೋಗೆ ಕರೆತನ್ನಿ ಅಂತ ಆ ತಂದೆಗೆ ಹೇಳಿದ್ದೇನೆ. ಮೂರು ನಿಮಿಷ, ಒಂದು ಸರಣಿಯ ವಿಮರ್ಶೆ, ಕನ್ನಡದಲ್ಲಿ, ಕತೆಯ ಕೊನೆ ಹೇಳದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾಳಂತೆ. ವಿಗ್ ಹಾಕಿಕೊಂಡು ಬರಬಹುದಾ ಅಂತಲೂ ಕೇಳಿಸಿದ್ದಾಳೆ. ರೇಡಿಯೋ ಅಲ್ವಾ, ಹಾಕಿಕೊಂಡೇ ಬರಲಿ.