ತೆರೆಯ ಮೇಲಣ ಮೇಳ

ಕೆರೆಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರನ್ನು ನೀವು ನೋಡಿರಬಹುದು. ಬಟ್ಟೆ ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತದೆ. ಸದ್ದು ತುಸು ತಡವಾಗಿ ಕೇಳುತ್ತದೆ. ಶಬ್ದದ ವೇಗ ಬೆಳಕಿಗಿಂತ ಕಡಿಮೆಯಾದುದರಿಂದ ಈ ವಿಳಂಬ ನಮಗೆ ಸಹಜವೆನಿಸಿದೆ. ಆದರೆ ಸದ್ದೇ ಮುಂದಾಗಿ ಬಂದರೆ ಮನಸ್ಸು ಒಪ್ಪದು. ದೂರದರ್ಶನದ ತೆರೆಯಲ್ಲಿಯೂ ಹಾಗೆಯೇ. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ, ತುಟಿಯ ಚಲನೆಗಿಂತ ಮಾತು ಅಂಥ ಸುಮಾರು 45 ಭಾಗ ಮುಂದಾದೊಡನೆ ನೋಡುಗನಿಗೆ ತಿಳಿಯತೊಡಗುತ್ತದೆ. ಹಿಂದಾದರೆ ಸುಮಾರು 125 ಭಾಗದವರೆಗೂ ತಿಳಿಯುವುದಿಲ್ಲ.

ಡಿಜಿಟಲ್ ಪ್ರಸಾರದಲ್ಲಿ ಈ ಹೊಂದಾಣಿಕೆ ತಾನಾಗಿ ಒದಗುವಂಥದಲ್ಲ. ಚಿತ್ರ, ಧ್ವನಿ, ಉಪಶೀರ್ಷಿಕೆ ಎಲ್ಲವೂ 188 ಬೈಟುಗಳ ಪುಟ್ಟ ಪೊಟ್ಟಣಗಳಾಗಿ ಬೆರೆತು ಬರುತ್ತವೆ. ಅಡಕಗೊಳಿಸಿದ ಚಿತ್ರವನ್ನು ಬಿಡಿಸಲು ಧ್ವನಿಗಿಂತ ಹೆಚ್ಚು ಹೊತ್ತು ಬೇಕು. ಆದಕಾರಣ ಪ್ರಸಾರಕೇಂದ್ರವು ಚಿತ್ರಕ್ಕೂ ಧ್ವನಿಗೂ ‘ಇಂಥ ಕ್ಷಣದಲ್ಲಿ ಪ್ರಕಟವಾಗು’ ಎಂಬ ಕಾಲಮುದ್ರೆಯನ್ನು ಒತ್ತಿ ಕಳುಹಿಸುತ್ತದೆ. ಈ ಮುದ್ರೆಯ ಎಣಿಕೆ ಸೆಕೆಂಡಿಗೆ 90,000. ಜೊತೆಗೆ ತನ್ನ ಗಡಿಯಾರದ ವೇಳೆಯನ್ನೂ ಸೆಕೆಂಡಿಗೆ 10 ಬಾರಿಗೆ ಕಡಿಮೆಯಿಲ್ಲದಂತೆ ತಿಳಿಸುತ್ತಿರುತ್ತದೆ. ಮನೆಯ ಯಂತ್ರವು ತನ್ನ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಂಡು, ಬೇಗನೆ ಸಿದ್ಧವಾದ ಧ್ವನಿಯನ್ನು ತಡೆದಿಟ್ಟು ಕಾಯುತ್ತದೆ.

ಇದು ವೇಳೆ ಮೊದಲೇ ಗೊತ್ತಿರುವ ಸಂಗತಿಗಳ ಮಾತಾಯಿತು. ವೀಕ್ಷಕನೂ ಪಾಲ್ಗೊಳ್ಳುವ ಸಂವಾದಿ ದೂರದರ್ಶನದಲ್ಲಿ ಗಡಿಯಾರವೊಂದೇ ಸಾಲದು. ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಯಾವಾಗ ಬೀಳುವುದೆಂದು ಬಲ್ಲವರಾರು? ನೋಡುಗ ಯಾವಾಗ ಗುಂಡಿ ಒತ್ತುವನೋ ಅದನ್ನೂ ಮುಂಚಿತವಾಗಿ ಹೇಳಲಾಗದು. ಫುಟ್‌ಬಾಲನ್ನು ಪ್ರಾಣದಂತೆ ಕಾಣುವ ಬ್ರೆಜಿಲ್ ದೇಶದಲ್ಲಿಯೇ ಇದಕ್ಕೊಂದು ಸೊಗಸಾದ ಪರಿಹಾರ ದೊರೆತುದು ಸೋಜಿಗವಲ್ಲ. ಅಲ್ಲಿ ಡಿಜಿಟಲ್ ಪ್ರಸಾರ 2007ರ ಡಿಸೆಂಬರ್ 2ರಂದು ಸಾವೊ ಪಾಲೊ ನಗರದಲ್ಲಿ ಆರಂಭವಾಯಿತು. ಅದರ ಸಂವಾದಿ ವ್ಯವಸ್ಥೆಯ ಹೆಸರು ‘ಜಿಂಗಾ’. ಅದರಲ್ಲಿ ಬಳಸುವ, ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಲೂಯಿಸ್ ಫೆರ್ನಾಂಡೊ ಗೋಮೆಸ್ ಸೋರೆಸ್ ಅವರ ಬಳಗ ರೂಪಿಸಿದ ‘ಎನ್‌ಸಿಎಲ್’ ಎಂಬ ಗಣಕಭಾಷೆಯು ವೇಳೆಗಿಂತ ಸಂಬಂಧಕ್ಕೆ ಪ್ರಾಧಾನ್ಯ ನೀಡುತ್ತದೆ: ‘ಇದು ನಡೆದೊಡನೆ ಅದು ಮೊದಲಾಗಲಿ, ಇದು ಮುಗಿದೊಡನೆ ಅದೂ ನಿಲ್ಲಲಿ.’ ಗೋಲು ಬಿದ್ದ ಸೂಚನೆ ಕೇಂದ್ರದಿಂದ ಬಂದಾಗ ಆಟಗಾರನ ವಿವರ ತೆರೆಯುವಂತೆ ಮಾಡಬಹುದು. 2009ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಈ ಭಾಷೆಯನ್ನು ಅಂಗೀಕರಿಸಿತು.

ಆದರೂ ಒಂದು ತೊಡಕು ಉಳಿದೇ ಇದೆ. ನೇರಪ್ರಸಾರದ ಮಾತನ್ನು ಕೇಳಿದ ಮೇಲೆಯೇ ಉಪಶೀರ್ಷಿಕೆ ಸಿದ್ಧವಾಗಬೇಕು. ಚರ್ಚೆಯೊಂದರಲ್ಲಿ ಅದು ತಡವಾದರೆ, ಒಬ್ಬರ ಮಾತು ಇನ್ನೊಬ್ಬರ ಮುಖದ ಕೆಳಗೆ ಮೂಡುತ್ತದೆ. ಕಿವಿ ಕೇಳಿಸುವವರಿಗೆ ಇದು ಕಿರಿಕಿರಿ ಮಾತ್ರ. ಕೇಳಿಸದವರಿಗೆ ಯಾರು ಏನೆಂದರೆಂಬುದೇ ತಲೆಕೆಳಗಾಗುತ್ತದೆ. ಚಿತ್ರವನ್ನೂ ಧ್ವನಿಯನ್ನೂ ಕೆಲವು ಸೆಕೆಂಡು ತಡೆದು ಕಳುಹಿಸುವುದೊಂದು ಉಪಾಯ. ಹಾಗೆ ಮಾಡಿದರೆ ಗೋಲಿನ ಸುದ್ದಿ ಪಕ್ಕದ ಮನೆಯ ಕೂಗಿನಿಂದಲೇ ಮೊದಲು ತಿಳಿದುಬಿಡಬಹುದು. ತಿಳಿದರೆ ತಿಳಿಯಲಿ ಎಂದೇ ನನ್ನ ಮತ.