ಗಾಂಜಾ ಸೇವನೆಯ ಕೇಡುಗಳು



ಆಳಂದ ತಾಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಎಲ್ಲೆಗೆ ಹತ್ತಿರದ ಊರು. ಈ ಗಡಿಸೀಮೆಯಲ್ಲಿ ತೊಗರಿಯ ಹೊಲಗಳ ನಡುವೆ ಗಾಂಜಾ ಗಿಡಗಳನ್ನು ಮರೆಮಾಡಿ ಬೆಳೆಯುವುದು ಹೊಸ ಸುದ್ದಿಯಲ್ಲ. 2020ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಕುರಿ ಸಾಕುವ ತಾಣವೊಂದರ ನೆಲದಡಿಯಿಂದ ಬೆಂಗಳೂರಿನ ಪೊಲೀಸರು 1,300 ಕಿಲೋಗ್ರಾಮಿಗೂ ಮೀರಿದ ಗಾಂಜಾವನ್ನು ಹೊರತೆಗೆದರು. 2022ರ ಸೆಪ್ಟೆಂಬರಿನಲ್ಲಿ ಇಂಥ ಹೊಲವನ್ನು ಹುಡುಕಿಕೊಂಡು ಗಡಿಯಾಚೆಗೆ ಹೋದ ಕಮಲಾಪುರದ ಪೊಲೀಸ್ ಅಧಿಕಾರಿಯೊಬ್ಬರು ದಂಧೆಯವರ ಏಟಿಗೆ ಸಿಕ್ಕಿ ಸಾವಿನ ಅಂಚನ್ನು ಕಂಡರು. ದಂಧೆಯ ಮಾತು ಪೊಲೀಸರಿಗಿರಲಿ. ಸೇದಿದವನ ಮೈಯೊಳಗೆ ಏನಾಗುವುದೆಂಬುದೇ ನಮ್ಮ ಇಂದಿನ ವಿಚಾರ.

ಗಾಂಜಾ ನಮಗೆ ಅಪರಿಚಿತವಲ್ಲ, ಅದೇ ತೊಡಕು. ಬೈರಾಗಿಗಳ ಚಿಲುಮೆಯಲ್ಲಿ ಕಂಡದ್ದನ್ನು, ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಪ್ರಸಾದವೆಂದು ಕೊಟ್ಟದ್ದನ್ನು ವಿಷವೆನ್ನಲು ನಾಲಗೆ ಏಳದು. ವರ್ಷಕ್ಕೊಮ್ಮೆ ಭಕ್ತಿಯಿಂದ ಕೊಂಡದ್ದಕ್ಕೂ ಹದಿನಾರರ ಹುಡುಗನು ದಿನವೂ ಸಂಜೆ ಸೇದುವುದಕ್ಕೂ ಅಂತರವೆಷ್ಟೆಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವು ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿತು. ರೋಗಿಯನ್ನು ಕರೆತಂದ ಪೊಲೀಸಿನವನ ಮಾತನ್ನೇ ನಂಬಿ ಗಾಂಜಾ ಕಾರಣವೆಂದು ಬರೆದಿಟ್ಟ ನಿದರ್ಶನಗಳು ಅಲ್ಲಿ ಅನೇಕವಾಗಿ ಸಿಕ್ಕವು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಉಂಟು, ಎಂದು ಅದು ತೀರ್ಮಾನಿಸಿತು. ಗಾಂಜಾದ ಪರವಾಗಿ ವಾದಿಸುವವರು ಈ ತೀರ್ಮಾನವನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಸೇನೆಗೆ ಭರ್ತಿಯಾದ 45,000ಕ್ಕೂ ಮಿಕ್ಕ ಸ್ವೀಡನ್ನಿನ ತರುಣರನ್ನು ಕುರಿತ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಹದಿನೆಂಟರ ಹೊತ್ತಿಗೆ 50 ಬಾರಿಗಿಂತ ಹೆಚ್ಚು ಸೇವಿಸಿದ್ದವರಲ್ಲಿ, ಸೇವಿಸದವರಿಗಿಂತ 6 ಪಟ್ಟು ಹೆಚ್ಚಾಗಿ ಸ್ಕಿಜೋಫ್ರೇನಿಯ ಕಂಡುಬಂದಿತು. ಎಲ್ಲಕ್ಕೂ ಗಾಂಜಾವೇ ಕಾರಣವೆನ್ನಲಾಗದು. ಆದರೆ ಅನಂತರದ ಶೋಧನೆಗಳೂ ಅದೇ ದಿಕ್ಕನ್ನು ತೋರಿವೆ. ಮನೆತನದಲ್ಲಿ ಇಂಥ ಕಾಯಿಲೆಯುಳ್ಳವರಿಗೆ ಅಪಾಯ ಇನ್ನೂ ಹೆಚ್ಚು.

ಸೇದಿದರೆ ಅಮಲು ಕೆಲವೇ ನಿಮಿಷಗಳಲ್ಲಿ ಏರುತ್ತದೆ. ಭಂಗಿಯಾಗಿ ಕುಡಿದರೆ, ಉಂಡೆಯಾಗಿ ತಿಂದರೆ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ತಿಳಿಯದು. “ಇದರಲ್ಲಿ ಸತ್ತ್ವವೇ ಇಲ್ಲ” ಎಂದು ಹೊಸಬನು ಇನ್ನೊಂದು ಲೋಟ ಏರಿಸುತ್ತಾನೆ; ಆಮೇಲೆ ಎರಡೂ ಕೂಡಿ ಬರುತ್ತವೆ. ಎದೆ ಡವಗುಟ್ಟುತ್ತದೆ, ದಿಗಿಲು ಹತ್ತುತ್ತದೆ, ಯಾರೋ ಬೆನ್ನಟ್ಟಿದಂತೆ ಭ್ರಮೆಯಾಗುತ್ತದೆ. ಹೃದ್ರೋಗವುಳ್ಳವರಿಗೆ ಇದು ಹುಡುಗಾಟವಲ್ಲ. ಚಿಲುಮೆಗೆ ಹೊಗೆಸೊಪ್ಪು ಬೆರೆಸುವವರಿಗೆ ತಂಬಾಕಿನ ಚಟವೂ ಜೊತೆಗೆ ಅಂಟುತ್ತದೆ. 1985ರ ಕಾಯಿದೆಯು ಹೂತೆನೆಯನ್ನು ಗಾಂಜಾ ಎಂದು ಎಣಿಸಿ, ಬರಿಯ ಎಲೆಯನ್ನು ಹೊರಗಿಟ್ಟಿದೆ. ಮೆದುಳು ಈ ಭೇದವನ್ನು ಓದಿಲ್ಲ.

ಅಮಲಿನಲ್ಲಿ ಕಾಲದ ಅಳತೆ, ದೂರದ ಅಳತೆ ಎರಡೂ ತಪ್ಪುತ್ತವೆ. ಕಬ್ಬು ಹೇರಿದ ಗಾಡಿಗಳು ರಾತ್ರಿ ಸಾಗುವ ಆಳಂದ, ಅಫಜಲಪುರಗಳ ರಸ್ತೆಯಲ್ಲಿ ಮೋಟಾರು ಸೈಕಲು ಹತ್ತಿದವನಿಗೆ ಅಷ್ಟೇ ಸಾಕು.

ಸೇವಿಸುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬನು ಅದಕ್ಕೆ ದಾಸನಾಗುತ್ತಾನೆ; ಹದಿಹರೆಯದಲ್ಲೇ ತೊಡಗಿದವರಲ್ಲಿ ಈ ಪ್ರಮಾಣ ಹೆಚ್ಚು. ಬಿಟ್ಟ ಮೊದಲ ವಾರದಲ್ಲಿ ನಿದ್ದೆ ಬಾರದು, ಊಟ ಸೇರದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಹಟವಲ್ಲ, ಚಟ ಬಿಡುವಾಗಿನ ಲಕ್ಷಣವೆಂದು ಮನೆಯವರು ತಿಳಿಯತಕ್ಕದ್ದು. ಹುಡುಗನನ್ನು ಹೊಡೆದು ಕೋಣೆಯಲ್ಲಿ ಕೂಡಿಹಾಕುವ ಬದಲು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿದರೆ, ಕನ್ನಡದಲ್ಲಿಯೇ, ದುಡ್ಡಿಲ್ಲದೆ, ಸಲಹೆ ದೊರೆಯುತ್ತದೆ.