ಹಿತ್ತಲ ನೆಲದಡಿಯ ಟಾಕಿ

ಮನೆ ಕಟ್ಟಿಸುವಾಗ ದೇವರ ಮನೆಯ ದಿಕ್ಕಿಗಾಗಿ ಮೂವರು ಜೋಯಿಸರನ್ನು ಕೇಳುವ ಗೃಹಸ್ಥನು, ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಹಾಸಬೇಕೆಂದು ಮನೆಮಂದಿಯೊಡನೆ ವಾರಗಟ್ಟಲೆ ಚರ್ಚಿಸುವ ಅದೇ ಗೃಹಸ್ಥನು, ಹಿತ್ತಲಲ್ಲಿ ತೋಡಿಸಬೇಕಾದ ಶೌಚದ ಟಾಕಿಯ ಮಾತು ಬಂದೊಡನೆ ‘ನಿನಗೆ ತಿಳಿದಂಗ ಮಾಡಪಾ’ ಎಂದು ಗೌಂಡಿಗೆ ಒಪ್ಪಿಸಿ ನಿಶ್ಚಿಂತನಾಗುತ್ತಾನೆ. ಅನಂತರ ಅದರ ಮೇಲೆ ಶಹಾಬಾದಿನ ಫರಸಿ ಬೀಳುತ್ತದೆ. ಫರಸಿಯ ಮೇಲೆ ತುಳಸಿಯ ಕುಂಡವೋ ಮಗನ ಮೋಟಾರು ಸೈಕಲ್ಲೋ ನಿಲ್ಲುತ್ತದೆ. ಹತ್ತು ಹದಿನೈದು ವರ್ಷಗಳ ತರುವಾಯ ಒಂದು ಬೇಸಗೆಯ ಮಧ್ಯಾಹ್ನ ಮನೆಯೊಳಗೆ ದುರ್ವಾಸನೆ ನುಗ್ಗಿದಾಗ ಮಾತ್ರ, ಟಾಕಿ ಎಲ್ಲಿತ್ತೆಂಬ ಶೋಧನೆಯು ಆರಂಭವಾಗುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂಥ ಊರುಗಳಲ್ಲಿ ಒಳಚರಂಡಿಯ ಕೊಳವೆ ಮುಟ್ಟದ ಪ್ರತಿಯೊಂದು ಮನೆಯೂ ತನ್ನ ಮಲಿನವನ್ನು ತಾನೇ ಕಾಯ್ದಿರಿಸಿಕೊಳ್ಳಬೇಕಾಗಿರುವುದರಿಂದ, ಈ ಅಜ್ಞಾತವಾಸಿಯಾದ ಟಾಕಿಯ ಯೋಗಕ್ಷೇಮವನ್ನು ತಿಳಿದಿರುವುದು ಅನುಚಿತವೇನೂ ಅಲ್ಲ.

ಟಾಕಿಯು ಬರಿಯ ಸಂಗ್ರಹದ ಗುಂಡಿಯಲ್ಲ, ಕೆಲಸ ಮಾಡುವ ಸ್ಥಳ. ಫ್ರಾನ್ಸ್ ದೇಶದ ಝಾನ್ ಲೂಯಿ ಮೂರಾಸ್ ಎಂಬಾತನು 1860ರ ಸುಮಾರಿಗೆ ತನ್ನ ಮನೆಯ ಮಲಿನವನ್ನು ಮುಚ್ಚಿದ ತೊಟ್ಟಿಯೊಂದಕ್ಕೆ ಹರಿಯಬಿಟ್ಟು, ವರ್ಷಗಳಾದ ಮೇಲೆ ತೆರೆದು ನೋಡಿದಾಗ ಅದರಲ್ಲಿ ಘನಪದಾರ್ಥವು ನಿರೀಕ್ಷೆಗಿಂತ ಎಷ್ಟೋ ಕಡಿಮೆಯಾಗಿದ್ದುದನ್ನು ಕಂಡನು. 1881ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದನು. ಗಾಳಿಯ ಸಂಪರ್ಕವಿಲ್ಲದೆ ಜೀವಿಸುವ ಸೂಕ್ಷ್ಮಾಣುಗಳು ಅಲ್ಲಿ ಮಲವನ್ನು ಭಕ್ಷಿಸಿ, ನೀರು, ಅನಿಲ ಮತ್ತು ಸ್ವಲ್ಪ ಕಪ್ಪು ಕೆಸರನ್ನಾಗಿ ಮಾರ್ಪಡಿಸುತ್ತಿದ್ದವು. ಇಂದಿನ ಸೆಪ್ಟಿಕ್ ಟ್ಯಾಂಕಿನಲ್ಲಿ ನಡೆಯುವುದೂ ಇದೇ: ಭಾರವಾದದ್ದು ತಳಕ್ಕಿಳಿದು ಕೆಸರಾಗುತ್ತದೆ, ಹಗುರವಾದದ್ದು ಮೇಲೆ ತೇಲಿ ಕೆನೆಗಟ್ಟುತ್ತದೆ, ನಡುವಿನ ನೀರು ಮಾತ್ರ ಹೊರಗಿನ ಇಂಗುಗುಂಡಿಗೆ ಸಾಗುತ್ತದೆ. ಐದು ಜನರ ಕುಟುಂಬಕ್ಕೆ ಒಂದೂವರೆ ಮೀಟರು ಉದ್ದ, ಮುಕ್ಕಾಲು ಮೀಟರು ಅಗಲ, ಒಂದು ಮೀಟರು ನೀರಿನ ಆಳವಿದ್ದರೆ ಸಾಕೆಂಬುದು ರೂಢಿಯ ಮಾನ. ನಮ್ಮಲ್ಲಿ ಅನೇಕರು ‘ದೊಡ್ಡದಿದ್ದಷ್ಟೂ ಚಲೋ, ಜೀವಮಾನದಲ್ಲಿ ತೆಗೆಸೋ ಪ್ರಸಂಗ ಬರಬಾರದು’ ಎಂದು ಬಾವಿಯಷ್ಟು ಆಳಕ್ಕೆ ತೋಡಿಸುತ್ತಾರೆ. ತುಂಬದ ಟಾಕಿ ಎಂಬುದು ಇಲ್ಲ. ಯಾವಾಗ ತುಂಬಿತೆಂದು ತಿಳಿಯದ ಟಾಕಿ ಮಾತ್ರ ಇದೆ.

ಇನ್ನು ವಾಸನೆಯ ವಿಚಾರ. ಮನೆಯೊಳಗೆ ನಾರಿದೊಡನೆ ಟಾಕಿಯನ್ನೇ ಶಪಿಸುವವರು ಮೊದಲು ಶೌಚದ ಬೋಗುಣಿಯ ಕೆಳಗಿನ ಬಾಗಿದ ಕೊಳವೆಯನ್ನು ನೋಡಬೇಕು. ಆ ಬಾಗಿನಲ್ಲಿ ಸದಾ ನಿಂತಿರುವ ಬೊಗಸೆ ನೀರೇ ಟಾಕಿಯ ಅನಿಲಕ್ಕೂ ನಮ್ಮ ನಾಸಿಕಕ್ಕೂ ನಡುವಿನ ಬಾಗಿಲು. ಜಾತ್ರೆಗೋ ಹೆರಿಗೆಗೋ ತವರಿಗೆ ಹೋಗಿ ತಿಂಗಳೊಪ್ಪತ್ತು ಮನೆಗೆ ಬೀಗ ಹಾಕಿದರೆ ಆ ನೀರು ಆರಿಹೋಗಿ ಬಾಗಿಲು ತೆರೆದಂತಾಗುತ್ತದೆ. ಒಂದು ಕೊಡ ನೀರು ಹೊಯ್ದರೆ ಉಪದ್ರವ ಮುಗಿಯಿತು. ಅದಲ್ಲದಿದ್ದರೆ ಗಾಳಿಕೊಳವೆಯನ್ನು ಪರೀಕ್ಷಿಸಬೇಕು. ಟಾಕಿಯಿಂದ ಮೇಲೆದ್ದು ಛಾವಣಿಯನ್ನೂ ದಾಟಿ ಎರಡು ಮೀಟರು ನಿಲ್ಲಬೇಕಾದ ಈ ಕೊಳವೆಯನ್ನು ನಮ್ಮ ಗೌಂಡಿಗಳು ಅಡುಗೆಮನೆಯ ಕಿಟಕಿಯ ಮಟ್ಟಕ್ಕೇ ನಿಲ್ಲಿಸಿಬಿಡುವುದುಂಟು. ಕೆಲವರು ನೋಡಲು ಅಂದವಿಲ್ಲವೆಂದು ಕತ್ತರಿಸುವುದೂ ಉಂಟು. ಬಾಯಿಗೆ ಕಟ್ಟಿದ ಸೊಳ್ಳೆಜಾಳಿಗೆಯಲ್ಲಿ ಜೇಡ ಗೂಡು ಕಟ್ಟಿ ಅನಿಲದ ಮಾರ್ಗವೇ ಮುಚ್ಚಿರುವುದಂತೂ ಸಾಮಾನ್ಯ. ಮೇಲೆ ಹೋಗಲಾರದ ಅನಿಲವು ಫರಸಿಯ ಸಂದಿನಲ್ಲಿ ಹೊರಬೀಳದೆ ಮತ್ತೇನು ಮಾಡೀತು?

ಇದೊಂದನ್ನೂ ನೋಡದೆ ಅಂಗಡಿಯಿಂದ ಫಿನೈಲು, ಆ್ಯಸಿಡ್, ಬ್ಲೀಚಿಂಗ್ ಪೌಡರುಗಳನ್ನು ತಂದು ಸುರಿಯುವವರು ತಮಗೆ ತಾವೇ ಕೇಡು ಮಾಡಿಕೊಳ್ಳುತ್ತಾರೆ. ಅವು ಕೊಲ್ಲುವುದು ವಾಸನೆಯನ್ನಲ್ಲ. ವಾಸನೆಯನ್ನು ತಿಂದು ಮುಗಿಸಬೇಕಾಗಿದ್ದ ಸೂಕ್ಷ್ಮಾಣುಗಳನ್ನು. ಎರಡು ದಿನ ಔಷಧದ ಘಾಟಿನಲ್ಲಿ ಎಲ್ಲವೂ ಸರಿಹೋದಂತೆ ತೋರಿ, ಮೂರನೆಯ ದಿನ ಅರ್ಧ ಜೀರ್ಣವಾದ ಮಲವು ಮೊದಲಿಗಿಂತ ಹೆಚ್ಚು ನಾರುತ್ತದೆ. ಬೋಗುಣಿಯನ್ನು ತಿಕ್ಕಲು ಬುರುಸು, ನೀರು, ಸ್ವಲ್ಪ ಸಾಬೂನು ಇದ್ದರೆ ಸಾಲದೆ? ಹೊಸ ಟಾಕಿಯನ್ನು ಆರಂಭಿಸುವಾಗ ನೀರು ತುಂಬಿಸಿ, ಚೆನ್ನಾಗಿ ನಡೆಯುತ್ತಿರುವ ಬೇರೊಂದು ಟಾಕಿಯ ಕೆಸರನ್ನೋ, ಅದು ದೊರೆಯದಿದ್ದರೆ ಕೊಳೆತ ಸಗಣಿಯ ರಾಡಿಯನ್ನೋ ಬೀಜದಂತೆ ಹಾಕಬೇಕೆಂಬುದು ಶಾಸ್ತ್ರಸಮ್ಮತವಾದ ಕ್ರಮ. ಒಮ್ಮೆ ಸಂಸಾರ ಹೂಡಿದ ಮೇಲೆ ಆ ಸೂಕ್ಷ್ಮಾಣುಗಳಿಗೆ ಪೇಟೆಯ ಪುಡಿಗಳ ಹಂಗು ಇರುವುದಿಲ್ಲ. ಛಾವಣಿಯ ಮಳೆನೀರನ್ನು ಮಾತ್ರ ಒಳಗೆ ಬಿಡಬಾರದು, ಏಕೆಂದರೆ ಆ ರಭಸವು ತಳದ ಕೆಸರನ್ನು ಕದಡಿ ಇಂಗುಗುಂಡಿಗೆ ಒಯ್ಯುತ್ತದೆ. ಬಟ್ಟೆಯ ಚೂರು, ಪ್ಯಾಡು, ಗುಟ್ಕಾ ಚೀಟಿ, ಕರಿದ ಎಣ್ಣೆಗಳಿಗೂ ಅಲ್ಲಿ ಪ್ರವೇಶವಿಲ್ಲ.

ನೆಲದ ಗುಣವನ್ನು ಲಕ್ಷಿಸದೆ ಕಟ್ಟಿದ ಟಾಕಿಯ ದೋಷವು ಇಂಗುಗುಂಡಿಯಲ್ಲಿ ಪ್ರಕಟವಾಗುತ್ತದೆ. ಸವಣೂರು, ಶಿಗ್ಗಾಂವಿಗಳ ಕಡೆಯ ಎರೆ ನೆಲವು ಬೇಸಗೆಯಲ್ಲಿ ಅಂಗೈಯಗಲ ಬಿರುಕು ಬಿಟ್ಟು, ಮುಂಗಾರಿನಲ್ಲಿ ಉಬ್ಬಿ ಬಿಗಿದುಕೊಂಡು ತೊಟ್ಟು ನೀರನ್ನೂ ಇಂಗಗೊಡದು. ಹಾನಗಲ್ಲಿನಂಥ ಮಲೆನಾಡ ಸೆರಗಿನ ಭತ್ತದ ಸೀಮೆಯಲ್ಲಿ, ಆನೆಕೆರೆಯ ಮಗ್ಗುಲಲ್ಲೋ ಹಿರೇಕೆರೂರಿನ ದುರ್ಗಾದೇವಿ ಕೆರೆಯ ಕೆಳಗೋ ಮಳೆಗಾಲದಲ್ಲಿ ನೆಲದೊಳಗಿನ ಜಲವೇ ಮೇಲಕ್ಕೇರಿ ಗುಂಡಿಯೊಳಕ್ಕೆ ಬರುತ್ತದೆ. ಎರೆಯಲ್ಲಿ ಇಂಗುಗುಂಡಿ ಕಿರಿದಾದರೆ ನಡೆಯದು; ಜಲ್ಲಿ ತುಂಬಿದ ಅಗಲವಾದ ಹಾಸಿನ ಮೇಲೆ ಬಾಳೆ, ಕಾಬಾಳೆಗಳನ್ನು ನೆಟ್ಟು ಅವುಗಳಿಂದ ನೀರನ್ನು ಹೀರಿಸುವುದು ಲೇಸು. ಕೆರೆಯ ಮಗ್ಗುಲಲ್ಲಿ ಗುಂಡಿ ಆಳವಾಗಬಾರದು. ಬಾವಿಗೂ ಬೋರ್‌ವೆಲ್ಲಿಗೂ ಹದಿನೆಂಟು ಮೀಟರಿಗಿಂತ ಸಮೀಪದಲ್ಲಿಯಂತೂ ಸರ್ವಥಾ ಇರಕೂಡದು. ಇಂಗದ ನೀರನ್ನು ರಾತ್ರಿಯ ಹೊತ್ತಿನಲ್ಲಿ ಗುಟ್ಟಾಗಿ ಗಟಾರಕ್ಕೆ ಹೊರಳಿಸುವ ಜಾಣರನ್ನು ಕುರಿತು ಹೆಚ್ಚು ಬರೆಯುವುದು ಬೇಡ. ಅವರ ಟಾಕಿ ವಾಸನೆರಹಿತವಾಗಿರುವುದು ನಿಜ. ಆ ವಾಸನೆಯೀಗ ನೆರೆಮನೆಯವರದಾಗಿದೆ.

ಟಾಕಿಯಲ್ಲಿ ಕೆಸರೆಷ್ಟಿದೆಯೆಂದು ಅಳೆಯುವುದಕ್ಕೆ ಯಂತ್ರ ಬೇಕಿಲ್ಲ. ಉದ್ದನೆಯ ಬಿದಿರಿನ ಗಳುವಿನ ಕೆಳಭಾಗಕ್ಕೆ ಹಳೆಯ ಬಿಳಿಯ ಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಿ, ಟಾಕಿಯ ಬಾಯಿಯನ್ನು ತೆರೆದು, ಗಾಳಿ ಬರುತ್ತಿರುವ ಕಡೆಗೆ ದೂರ ಸರಿದು ಕೆಲಹೊತ್ತು ಕಾದು, ಮುಖವನ್ನು ಬಾಯಿಯ ಮೇಲೆ ಬಾಗಿಸದೆ, ಬೀಡಿ ಬೆಂಕಿಗಳ ಸುಳಿವಿಲ್ಲದಂತೆ ನೋಡಿಕೊಂಡು, ಗಳುವನ್ನು ತಳ ಮುಟ್ಟುವವರೆಗೆ ಮೆಲ್ಲನೆ ಇಳಿಸಿ ಸ್ವಲ್ಪ ತಡೆದು ಮೇಲಕ್ಕೆಳೆಯಬೇಕು. ಬಟ್ಟೆಯ ಮೇಲ್ಭಾಗದಲ್ಲಿ ನೀರಿನ ಮಾಸಲು ಬಣ್ಣವಷ್ಟೇ ಇದ್ದು, ಕೆಳಗೆ ಮಸಿಯಂಥ ಕಪ್ಪು ಗೆರೆ ಎಲ್ಲಿಂದ ಆರಂಭವಾಗುತ್ತದೆಯೋ ಅಲ್ಲಿಯವರೆಗೆ ಕೆಸರು ಏರಿದೆಯೆಂದರ್ಥ. ಕೆಸರೂ ಕೆನೆಯೂ ಕೂಡಿ ಆಳದ ಮೂರರಲ್ಲಿ ಒಂದು ಪಾಲಾಗಿದ್ದರೆ ಟಾಕಿಯನ್ನು ಬರಿದು ಮಾಡಿಸುವ ಕಾಲ ಬಂದಿದೆ. ಸಾಧಾರಣವಾಗಿ ಇದು ಎರಡು ಮೂರು ವರ್ಷಗಳಿಗೊಮ್ಮೆ ಬರುತ್ತದೆ. ಬರಿದಾದ ದಿನಾಂಕವನ್ನು ಮುಚ್ಚಳದ ಮೇಲೆಯೇ ಬಣ್ಣದಲ್ಲಿ ಬರೆದಿಡುವ ಮನೆಯವರು ಬುದ್ಧಿವಂತರು.

ಚಲಿಸುವ ಟಾಕಿಗಳ ಧರ್ಮವೂ ಇದಕ್ಕಿಂತ ಭಿನ್ನವಲ್ಲ. ಅಮೆರಿಕೆಯಲ್ಲಿ ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು ತಿರುಗುವವರು ಒಂದೆಡೆ ತಂಗಿದಾಗ ಮಲದ ಟಾಕಿಯ ಕೀಲನ್ನು ತೆರೆದೇ ಬಿಟ್ಟರೆ, ನೀರೆಲ್ಲ ಹರಿದುಹೋಗಿ ಘನವು ಮಾತ್ರ ಗುಪ್ಪೆಗಟ್ಟಿ ಕಲ್ಲಾಗುತ್ತದೆ. ಆದುದರಿಂದ ಕೀಲನ್ನು ಮುಚ್ಚಿಟ್ಟು, ಧಾರಾಳವಾಗಿ ನೀರು ಹೊಯ್ದು, ಟಾಕಿ ಬಹುಮಟ್ಟಿಗೆ ತುಂಬಿದ ಮೇಲೆ ಒಮ್ಮೆಗೇ ಬಿಡಬೇಕೆಂಬುದು ಅವರ ಮೊದಲ ಪಾಠ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುಗಾಡಿಯ ಡಬ್ಬಿಗಳ ಕೆಳಗೂ ಇಂದು ಇಂಥ ಟಾಕಿಗಳುಂಟು. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಾಕಿ ಬೆಳೆಸಿದ ಸೂಕ್ಷ್ಮಾಣುಗಳು, ಹಿಂದೆ ಹಳಿಯ ಮೇಲೆ ಬೀಳುತ್ತಿದ್ದುದನ್ನು ಅಲ್ಲಿ ಜೀರ್ಣಿಸುತ್ತವೆ; ಪ್ರಯಾಣಿಕರು ತೂರಿದ ನೀರಿನ ಬಾಟಲಿಯನ್ನು ಮಾತ್ರ ಯಾವ ಸೂಕ್ಷ್ಮಾಣುವೂ ಅರಗಿಸಿಕೊಳ್ಳಲಾರದು.

ಇಷ್ಟೆಲ್ಲ ಹೇಳಲು ಮೂಗಿನ ಸೌಖ್ಯವೊಂದೇ ಕಾರಣವಲ್ಲ. 2010ರ ಜುಲೈ ತಿಂಗಳಲ್ಲಿ, ಊರಿನ ಮಲವನ್ನು ತಲೆಮಾರುಗಳಿಂದ ಕೈಯಿಂದ ಬಳಿದು ಹೊತ್ತು ಬದುಕಿದ ಸವಣೂರಿನ ಭಂಗಿ ಸಮುದಾಯದವರು, ತಾವು ವಾಸವಾಗಿದ್ದ ಜಾಗದಿಂದ ತಮ್ಮನ್ನು ತೆರವುಗೊಳಿಸುವುದನ್ನು ಪ್ರತಿಭಟಿಸಿ, ಪುರಸಭೆಯ ಕಾರ್ಯಾಲಯದ ಮುಂದೆ ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಆ ಪದ್ಧತಿಯನ್ನು ನಿಷೇಧಿಸಿದ ಶಾಸನವು 1993ರಲ್ಲಿಯೇ ಆಗಿತ್ತು. ಹದಿನೇಳು ವರ್ಷಗಳ ಅನಂತರವೂ ಅದರ ಅರ್ಥ ಆ ಕೇರಿಯನ್ನು ಮುಟ್ಟಿರಲಿಲ್ಲವೆಂಬುದನ್ನು ನಾಡಿಗೆ ನಾಡೇ ಅಂದು ನೋಡಿತು. 2013ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದನ್ನೂ ಅಪರಾಧವೆಂದು ಸಾರಿ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸವನ್ನೋ ಎರಡು ಲಕ್ಷ ರೂಪಾಯಿವರೆಗೆ ದಂಡವನ್ನೋ, ಇಲ್ಲವೆ ಎರಡನ್ನೂ ವಿಧಿಸಬಹುದೆಂದಿತು. ಹೀಗೆ ಇಳಿದು ಸತ್ತವನ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಟಾಕಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅಧಿಕವಾದಾಗ ಘ್ರಾಣಶಕ್ತಿಯನ್ನೇ ಮೊದಲು ಹರಣ ಮಾಡುವುದರಿಂದ, ಇಳಿದವನು ವಾಸನೆ ಹೋಯಿತೆಂದುಕೊಳ್ಳುವಷ್ಟರಲ್ಲಿ ಕುಸಿದುಬೀಳುತ್ತಾನೆ, ಅವನನ್ನೆತ್ತಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. ಇಂಥ ಮರಣಗಳ ಹಿಂದೆ ಬಹಳ ಸಲ ಇರುವುದು, ಯಂತ್ರದ ಕೊಳವೆಗೂ ಬಗ್ಗದಷ್ಟು ಗಟ್ಟಿಯಾಗುವವರೆಗೆ ಕೆಸರನ್ನು ಮರೆತುಬಿಟ್ಟ ಟಾಕಿಯೇ. ಕಾಲಕಾಲಕ್ಕೆ ತೆಗೆಸಿದ ಕೆಸರು ತೆಳ್ಳಗಿರುತ್ತದೆ, ಸಕ್ಕಿಂಗ್ ಮಷೀನು ಅದನ್ನು ಅರ್ಧ ಗಂಟೆಯೊಳಗೆ ಹೀರಿಕೊಳ್ಳುತ್ತದೆ, ಯಾರೂ ಇಳಿಯಬೇಕಾಗಿಲ್ಲ.

ಹೀರಿದ ಗಾಡಿ ಮುಂದೆ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಉಳಿಯಿತು. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಿಂದ ಟಾಕಿಗಳ ಕೆಸರನ್ನು ಸಂಸ್ಕರಿಸುವ ಘಟಕವೊಂದು ನಡೆದುಬಂದಿದೆ. ಅಲ್ಲಿ ಕೆಸರನ್ನು ಕೊಳೆಯಿಸಿ, ಒಣಗಿಸಿ, ಊರಿನ ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಹಾಗಲ್ಲದೆ ಹಳ್ಳದ ದಂಡೆಯಲ್ಲಿ ಕತ್ತಲಾದ ಮೇಲೆ ಸುರಿದ ಗಾಡಿಯು ವರದಾ ನದಿಗೂ ಯಾರದೋ ಬಾವಿಗೂ ಅದನ್ನೇ ಒಯ್ದು ಮುಟ್ಟಿಸುತ್ತದೆ. ಆದುದರಿಂದ ಮುಂದಿನ ಸಲ ನಿಮ್ಮ ಮನೆಗೆ ಸಕ್ಕಿಂಗ್ ಗಾಡಿಯನ್ನು ಕರೆಸಿದಾಗ, ಹಣ ಕೊಡುವ ಮೊದಲು, ಇದನ್ನು ಎಲ್ಲಿ ಸುರಿಯುತ್ತೀಯಪ್ಪಾ ಎಂದು ಚಾಲಕನನ್ನು ಕೇಳಿ. ಸಮಾಧಾನಕರವಾದ ಉತ್ತರ ದೊರೆಯದಿದ್ದರೆ ಅದೇ ಪ್ರಶ್ನೆಯನ್ನು ನಿಮ್ಮ ವಾರ್ಡಿನ ಸದಸ್ಯರಿಗೂ ಪುರಸಭೆಯ ಮುಖ್ಯಾಧಿಕಾರಿಗಳಿಗೂ ಬರವಣಿಗೆಯಲ್ಲಿ ಕಳಿಸಿರಿ.